ಪದ ಬೇಕೆಂದರೆ ಕಾದಂಬರಿ ಕೊಡಿ

ವನದುರ್ಗದಲ್ಲಿ ಕೋಟೆಗೆ ಹತ್ತಿರದ ಒಂದು ಮನೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಟ್ಟೆಯ ಮೇಲೆ ಕುಳಿತು ಕನ್ನಡದ ಹೋಂವರ್ಕ್ ಮಾಡುತ್ತಿದ್ದಳು. ಪಾಠದ ಕೊನೆಯಲ್ಲಿರುವ ‘ಪದಗಳ ಅರ್ಥ’ವನ್ನು ಐದೈದು ಸಲ ಬರೆದುಕೊಂಡು ಹೋಗಬೇಕು. ‘ಕೊತ್ತಲ – ಕೋಟೆಯ ಬುರುಜು’ ಎಂದು ಐದು ಸಲ ಬರೆದಿದ್ದಳು. ಅಕ್ಷರ ಮುತ್ತಿನಂತಿತ್ತು.

“ಬುರುಜು ಅಂದ್ರ ಏನು ಬೇಟಾ?” ಎಂದು ಕೇಳಿದೆ.

“ಕೊತ್ತಲ ರೀ ಸರ್.”

“ಕೊತ್ತಲ ಅಂದ್ರ?”

“ಬುರುಜು ರೀ.”

ಅವಳ ಬೆನ್ನ ಹಿಂದೆ ಕೋಟೆ ನಿಂತಿತ್ತು. ಅದರ ಮೂಲೆಯ ಗುಂಡನೆಯ ಕಟ್ಟಡವನ್ನು ತೋರಿಸಿ, “ಮತ್ತ ಅದೇನು?” ಎಂದೆ. “ಅದು ಹುಡೇವು ರೀ. ನಾವು ಅದರ ಮ್ಯಾಲ ಆಡ್ತೀವಿ” ಎಂದು ನಕ್ಕಳು.

ಕೊತ್ತಲ, ಬುರುಜು, ಹುಡೇವು ಮೂರೂ ಒಂದರ ಹೆಸರೇ. ಆ ವಸ್ತುವಿನ ಮೇಲೆ ಹತ್ತಿ ಇಳಿದು ಬೆಳೆದ ಹುಡುಗಿಗೆ, ತಾನು ಐದು ಸಲ ಬರೆದದ್ದು ತನ್ನ ಹುಡೇವಿನ ಬಗ್ಗೆಯೇ ಎಂದು ಗೊತ್ತಾಗಲಿಲ್ಲ. ಐದರ ಬದಲು ಐವತ್ತು ಸಲ ಬರೆಸಿದ್ದರೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅವಳಿಗೆ ಪೂರ್ತಿ ಅಂಕ ಸಿಗುತ್ತದೆ.

ಮೂವತ್ತು ವರ್ಷ ಕನ್ನಡ ಕಲಿಸಿದ ನಾನೂ ಮಕ್ಕಳಿಂದ ಇದನ್ನೇ ಬರೆಸಿದವನು. ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ಸಹಿ ಹಾಕಿದವನು. ಆದ್ದರಿಂದ ಇಲ್ಲಿ ನಾನು ಹೊರಿಸುವ ಆರೋಪದ ಮೊದಲ ಪಾಲು ನನ್ನದೇ. ನನ್ನ ಮಾತು ಇಷ್ಟು: ಅರ್ಥ ಬರೆಸುವುದರಿಂದ ಮಕ್ಕಳಿಗೆ ಪದ ಬರುವುದಿಲ್ಲ. ಪದ ಬರುವುದು ಕಥೆಯಿಂದ. ಹದಿಮೂರು ಹದಿನಾಲ್ಕರ ವಯಸ್ಸಿಗೆ ಬಂದ ಮೇಲೆ ಕಾದಂಬರಿಯಿಂದ. ಆ ವಯಸ್ಸಿನಲ್ಲಿ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳ ಕೈಗೆ ಕಾದಂಬರಿ ಸಿಗದಂತೆ ನೋಡಿಕೊಂಡವರು ನಾವೇ: ಮೇಷ್ಟರು, ತಂದೆತಾಯಿ, ಗ್ರಂಥಾಲಯ ನಡೆಸುವವರು ಮತ್ತು ಸಮುದಾಯದ ಹಿರಿಯರು.

ಆ ಹುಡುಗಿಗೆ ನಾನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. 1980ರಲ್ಲಿ ಬಂದ ಈ ಕಾದಂಬರಿ ಮಕ್ಕಳಿಗೆಂದೇ ಬರೆದದ್ದಲ್ಲ. ಆದರೂ ಕನ್ನಡದ ಹದಿಹರೆಯದವರು ತಲೆಮಾರಿನಿಂದ ತಲೆಮಾರಿಗೆ ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ಮೂಡಿಗೆರೆಯ ಕಡೆಯ ಕಾಡು, ಜೇನಿನ ಮಂದಣ್ಣ, ವಿಜ್ಞಾನಿ ಕರ್ವಾಲೊ, ಹಾರುವ ಓತಿಯ ಹುಡುಕಾಟ. ಜೊತೆಗೆ ಪ್ಯಾರ ಎಂಬ ನಮ್ಮ ಹುಡುಗನೊಬ್ಬ. “ಗೊತ್ತಿಲ್ಲದ ಪದ ಬಂದ್ರ ನಿಂದರಬ್ಯಾಡ, ಮುಂದ ಹೋಗು” ಎಂದಷ್ಟೇ ಹೇಳಿದೆ. ಮೊದಲ ವಾರ ಹತ್ತು ಹನ್ನೆರಡು ಪುಟ ದಾಟಿದಳು. ಆಮೇಲೆ ಪುಸ್ತಕ ಅವಳನ್ನು ಬಿಡಲಿಲ್ಲ.

ಮೂರು ವಾರ ಕಳೆದು ಬಂದವಳು ಹೇಳಿದ ಮೊದಲ ಮಾತು: “ಓತಿ ಅಂದ್ರ ನಮ್ಮ ಓತಿಕ್ಯಾತ ರೀ ಸರ್!” ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೊಸೈಟಿ ಎಂದರೆ ರೇಷನ್ ಕೊಡುವ ಅಂಗಡಿ ಎಂದೇ ತಿಳಿದಿದ್ದಳು. ಜೇನು ಸಾಕುವವರದೂ ಒಂದು ಸೊಸೈಟಿ ಇರುತ್ತದೆ ಎಂಬುದು ಆ ಪುಸ್ತಕದಿಂದ ತಿಳಿಯಿತು. ‘ಪ್ರಪಾತ’ ಎಂದರೇನು ಎಂದು ಕೇಳಿದೆ. ನಮ್ಮ ಬಯಲು ಸೀಮೆಯ ಹುಡುಗಿ ಪ್ರಪಾತ ಕಂಡವಳಲ್ಲ. ಕೈಯನ್ನು ಅಡ್ಡ ಹಿಡಿದು, ಅಂಚಿನಿಂದ ಕೆಳಗೆ ಬೀಳಿಸಿ ತೋರಿಸಿದಳು. ಓತಿ ತೇಲಿ ಹೋದದ್ದು ಎಲ್ಲಿಂದ, ಮನುಷ್ಯರು ಮುಂದೆ ಹೆಜ್ಜೆ ಇಡಲಾಗದೆ ನಿಂತದ್ದು ಎಲ್ಲಿ ಎಂಬುದು ಅವಳ ಕಣ್ಣ ಮುಂದಿತ್ತು. ಆ ಅರ್ಥ ಯಾವ ಗೈಡಿನಿಂದ ಬಂದದ್ದೂ ಅಲ್ಲ, ಆದ್ದರಿಂದ ಅದು ಮರೆಯುವಂಥದ್ದೂ ಅಲ್ಲ.

ಇದು ಒಬ್ಬ ಹುಡುಗಿಯ ಕತೆ, ಇದರಿಂದ ಏನು ಸಾಬೀತಾಗುತ್ತದೆ ಎಂದು ಕೇಳುವವರಿದ್ದಾರೆ. ಅವರಿಗಾಗಿ ಒಂದು ಪ್ರಯೋಗದ ಸಂಗತಿ. ಆಂಥೊನಿ ಬರ್ಜೆಸ್ ಎಂಬ ಇಂಗ್ಲಿಷ್ ಲೇಖಕ 1962ರಲ್ಲಿ ‘ಎ ಕ್ಲಾಕ್‌ವರ್ಕ್ ಆರೆಂಜ್’ ಎಂಬ ಕಾದಂಬರಿ ಬರೆದ. ಕಥೆ ಹೇಳುವವನು ಹದಿನೈದರ ಹುಡುಗ. ಅವನ ಮಾತಿನ ತುಂಬ ರಷ್ಯನ್ ಮೂಲದ ಪದಗಳು. ಪುಸ್ತಕ ಮೊದಲು ಬಂದಾಗ ಲೇಖಕ ಅರ್ಥಕೋಶ ಕೊಡಲಿಲ್ಲ. ಓದುತ್ತಾ ಓದುತ್ತಾ ಓದುಗನೇ ಕಲಿಯುತ್ತಾನೆ ಎಂಬುದು ಅವನ ನಂಬಿಕೆ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ರಷ್ಯನ್ ಬಾರದ ಓದುಗರಿಗೆ ಈ ಪುಸ್ತಕ ಕೊಟ್ಟರು. ಪದಗಳ ಪರೀಕ್ಷೆ ಇದೆ ಎಂದು ಹೇಳಿರಲಿಲ್ಲ. ಓದಿ ಮುಗಿಸಿದ ಮೇಲೆ 90 ಪದಗಳ ಅರ್ಥ ಕೇಳಿದರು. ಸರಾಸರಿ ಶೇ. 76ರಷ್ಟು ಉತ್ತರ ಸರಿಯಾಗಿತ್ತು. ಯಾರೂ ಐದು ಸಲ ಬರೆದಿರಲಿಲ್ಲ!

ಆ ಪದಗಳು ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತವೆ ಎಂಬುದನ್ನೂ ಹೇಳಬೇಕು. ಮಕ್ಕಳು ಸಾಮಾನ್ಯ ಪುಸ್ತಕ ಓದುವಾಗ ಏನಾಗುತ್ತದೆ ಎಂದು ಅಮೆರಿಕದ ಸಂಶೋಧಕರು ಪರಿಶೀಲಿಸಿ 1987ರಲ್ಲಿ ಪ್ರಕಟಿಸಿದ ಫಲಿತಾಂಶ ಅಷ್ಟು ಉತ್ಸಾಹದಾಯಕವಲ್ಲ. ಹೊಸ ಪದವೊಂದು ಒಮ್ಮೆ ಎದುರಾದರೆ ಅದು ಮನಸ್ಸಿನಲ್ಲಿ ನಿಲ್ಲುವ ಸಾಧ್ಯತೆ ಸುಮಾರು ಇಪ್ಪತ್ತರಲ್ಲಿ ಒಂದು. “ನೋಡಿ, ಇಷ್ಟೇ!” ಎನ್ನಬಹುದು. ಆದರೆ ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಒಂದಿಷ್ಟು ಪುಟ ಓದುವ ಮಗುವಿಗೆ ಇಪ್ಪತ್ತು ಹೊಸ ಪದ ಎದುರಾದವು ಎಂದುಕೊಳ್ಳಿ. ದಿನಕ್ಕೆ ಒಂದು ಪದ ಉಳಿಯಿತು. ವರ್ಷಕ್ಕೆ ಮುನ್ನೂರ ಅರವತ್ತೈದು. ಐದನೆಯ ತರಗತಿಯಿಂದ ಹತ್ತರವರೆಗೆ ಎರಡು ಸಾವಿರಕ್ಕೂ ಹೆಚ್ಚು. ಓದದ ಮಗುವಿಗೆ ಇದು ಒಂದೂ ಇಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳ ನಡುವಿನ ಅಂತರ ಹೀಗೆ ಬೆಳೆಯುತ್ತದೆ. ಕೊನೆಗೆ ನಾವು ಒಬ್ಬಳನ್ನು ‘ಜಾಣೆ’ ಎನ್ನುತ್ತೇವೆ, ಇನ್ನೊಬ್ಬಳನ್ನು ‘ದಡ್ಡಿ’ ಎನ್ನುತ್ತೇವೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಮನೆಯದು. “ಕತಿ ಪುಸ್ತಕ ಓದಿ ಏನ್ ಮಾಡ್ತಾಳ್ರಿ? ಮಾರ್ಕ್ಸ್ ಬರಬೇಕಲ್ಲ” ಎಂದು ಆ ಹುಡುಗಿಯ ತಂದೆ ಕೇಳಿದರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಬರುವ ಮನುಷ್ಯ. ಮಗಳು ಪಾಸಾಗಲಿ, ತನ್ನ ಹಾಗೆ ಸಿಮೆಂಟು ಹೊರದಿರಲಿ ಎಂಬ ಆಸೆಯಲ್ಲಿ ತಪ್ಪೇನಿದೆ? ತಪ್ಪು ಇರುವುದು ನಾವು ಅವರಿಗೆ ಕೊಟ್ಟ ತಿಳುವಳಿಕೆಯಲ್ಲಿ. ಸಮಾಜ ವಿಜ್ಞಾನದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲೂ ಪದ ಬೇಕು, ಗಣಿತದ ಲೆಕ್ಕದ ವಾಕ್ಯ ಓದಲೂ ಪದ ಬೇಕು. ನಾಳೆ ತಹಸೀಲ್ದಾರ್ ಕಚೇರಿಯಲ್ಲಿ ಅರ್ಜಿ ಬರೆಯಲು, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನಿದೆ ಎಂದು ತಿಳಿಯಲು ಪದ ಬೇಕು. ಪದವಿಲ್ಲದವನ ಪರವಾಗಿ ಇನ್ನೊಬ್ಬ ಓದುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಅದರ ಬೆಲೆ ಏನೆಂದು ಗುಳೆ ಹೋದವರಿಗೆ ಚೆನ್ನಾಗಿ ಗೊತ್ತು.

ಎರಡನೆಯ ಆಕ್ಷೇಪ ನಮ್ಮ ಸಮುದಾಯದ್ದು. “ನಾವೆಲ್ ಓದಿದರೆ ಹುಡುಗಿಯರು ಕೆಡುತ್ತಾರೆ.” ಇದನ್ನು ಹೇಳುವವರು ಒಳ್ಳೆಯವರೇ. ಓದು ಎಂಬುದೇ ನಮಗೆ ಬಂದ ಮೊದಲ ಆಜ್ಞೆ ಎಂದು ಇವರೇ ಸಭೆಗಳಲ್ಲಿ ಹೇಳುತ್ತಾರೆ. ಮನೆಗೆ ಹೋಗಿ ನೋಡಿದರೆ ಟಿವಿ ಇದೆ, ಪ್ರತಿಯೊಬ್ಬರ ಕೈಯಲ್ಲಿ ಮೊಬೈಲ್ ಇದೆ, ಕತೆ ಪುಸ್ತಕ ಮಾತ್ರ ಇಲ್ಲ. ಇವರಿಗೆ ಒಂದು ಹಳೆಯ ಸಂಗತಿ ನೆನಪಿಸಬೇಕು. ಉರ್ದುವಿನ ಮೊದಲ ಕಾದಂಬರಿ ಎಂದು ಸಾಮಾನ್ಯವಾಗಿ ಹೇಳುವ ‘ಮಿರಾತುಲ್ ಉರೂಸ್’ 1869ರಲ್ಲಿ ಪ್ರಕಟವಾಯಿತು. ಬರೆದವರು ಡೆಪ್ಯುಟಿ ನಜೀರ್ ಅಹ್ಮದ್. ಅರಬಿ ಪಂಡಿತರು, ಮುಂದೆ ಕುರ್‌ಆನನ್ನು ಉರ್ದುವಿಗೆ ಅನುವಾದಿಸಿದವರು. ತಮ್ಮ ಹೆಣ್ಣುಮಕ್ಕಳಿಗೆ ಓದಲು ತಕ್ಕ ಪುಸ್ತಕವಿಲ್ಲವೆಂದು ಅವರೇ ಬರೆದರು. ದಿಲ್ಲಿಯ ಹೆಂಗಸರು ಮನೆಯೊಳಗೆ ಆಡುವ ಮಾತನ್ನೇ ಅದರಲ್ಲಿ ಬಳಸಿದರು. ಉರ್ದು ಕಾದಂಬರಿ ಹುಟ್ಟಿದ್ದೇ ಹೆಣ್ಣುಮಕ್ಕಳ ಓದಿಗಾಗಿ. ಆ ತಂದೆಗೆ ಇದ್ದ ಧೈರ್ಯ ಒಂದೂವರೆ ಶತಮಾನ ಕಳೆದ ಮೇಲೆ ನಮಗೆ ಇಲ್ಲವೆಂದರೆ ಅದು ಧರ್ಮನಿಷ್ಠೆಯಲ್ಲ, ಸೋಮಾರಿತನ. ಮಕ್ಕಳು ಏನು ಓದುತ್ತಾರೆ ಎಂದು ತಿಳಿಯುವ ಹಕ್ಕು ತಂದೆತಾಯಿಗೆ ಖಂಡಿತ ಇದೆ. ಹಾಗಾದರೆ ಅವರೂ ಓದಲಿ, ಮಕ್ಕಳೊಂದಿಗೆ ಮಾತಾಡಲಿ.

ಮೂರನೆಯದು ಮೇಷ್ಟರ ಆಕ್ಷೇಪ. “ನಮ್ಮ ಮಕ್ಕಳಿಗೆ ಓದಲೇ ಬರುವುದಿಲ್ಲ, ಇನ್ನು ಕಾದಂಬರಿಯೇ?” ಇದರಲ್ಲಿ ಅರ್ಧ ಸತ್ಯವಿದೆ. ಅಕ್ಷರ ಕೂಡಿಸಿ ಓದಲು ತಡವರಿಸುವ ಮಗುವಿಗೆ ‘ಕರ್ವಾಲೊ’ ಕೊಟ್ಟರೆ ಅದು ಶಿಕ್ಷೆಯೇ. ಪುಟದಲ್ಲಿ ಬಹುಪಾಲು ಪದ ಗೊತ್ತಿದ್ದು ಅಲ್ಲೊಂದು ಇಲ್ಲೊಂದು ಗೊತ್ತಿಲ್ಲದಿದ್ದರೆ ಮಾತ್ರ ಊಹೆ ಕೆಲಸ ಮಾಡುತ್ತದೆ. ಅದಕ್ಕೆ ಒಂದು ಸುಲಭ ಅಳತೆ ಇದೆ. ಪುಸ್ತಕದ ಮಧ್ಯದ ಒಂದು ಪುಟ ತೆಗೆದು ಮಗು ಓದಲಿ. ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ, ಅದಕ್ಕಿಂತ ಸುಲಭದ್ದು ಕೊಡಿ. ಒಂದೂ ಮಡಚದಿದ್ದರೆ ಅದೂ ಬೇಡ; ಅದರಿಂದ ಅವಳಿಗೆ ಹೊಸ ಪದ ಸಿಗುವುದಿಲ್ಲ. ‘ಮಕ್ಕಳಿಗಾಗಿ ಸರಳಗೊಳಿಸಿದ್ದು’ ಎಂದು ಕಷ್ಟದ ಪದಗಳನ್ನೆಲ್ಲ ಹೆಕ್ಕಿ ತೆಗೆದ ಪುಸ್ತಕಗಳ ತೊಂದರೆಯೂ ಇದೇ. ಮೂಳೆ ಬೇಡವೆಂದು ಮಾಂಸವನ್ನೂ ತೆಗೆದು ಬರೀ ಸಾರು ಬಡಿಸಿದ ಹಾಗೆ.

ಆದರೆ ಮೇಷ್ಟರ ಮಾತಿನ ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಬಾರದು ಎನ್ನುವ ತೀರ್ಪಿನ ಹಿಂದೆ ಇನ್ನೊಂದು ತೀರ್ಪು ಅಡಗಿದೆ: ಅವರು ಆಡುವುದು ಕನ್ನಡವೇ ಅಲ್ಲ ಎಂಬುದು. ನನ್ನ ಮನೆಮಾತು ದಖನಿ. ನಾನು ಹುಡುಗನಾಗಿದ್ದಾಗ ತರಗತಿಯಲ್ಲಿ ‘ಕಂದಕ’ ಎನ್ನುವ ಬದಲು ‘ಖಂದಕ್’ ಎಂದದ್ದಕ್ಕೆ ಮೇಷ್ಟರೊಬ್ಬರು “ಸಾಬರ ಕನ್ನಡ” ಎಂದು ಎಲ್ಲರೆದುರು ನಗಾಡಿದ್ದರು. ಆಮೇಲೆ ಎರಡು ವರ್ಷ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಆ ಪದದ ಮೂಲ ಪಾರಸಿ-ಅರಬಿ ಎಂದೂ, ಮೇಷ್ಟರಿಗಿಂತ ನನ್ನ ಉಚ್ಚಾರವೇ ಮೂಲಕ್ಕೆ ಹತ್ತಿರವಾಗಿತ್ತೆಂದೂ ಗೊತ್ತಾದದ್ದು ನಾನೇ ಮೇಷ್ಟರಾದ ಮೇಲೆ.

ಅವರು ಕುಳಿತ ಕುರ್ಚಿ ಅರಬಿ ಮೂಲದ್ದು. ಕೂಗಿದ ಹಾಜರಿ ಅರಬಿ ಮೂಲದ್ದು. ಬರೆದ ಶಾಯಿ, ಕಾಗದ ಪಾರಸಿಯಿಂದ ಬಂದವು. ಕೊಟ್ಟ ರಜೆಯೂ ಆ ಕಡೆಯದೇ. ನಮ್ಮ ಜಿಲ್ಲೆ, ತಾಲೂಕು ಎಂಬ ಪದಗಳು ಅರಬಿಯವು. ಶಹಾಪುರದ ಹೆಸರಲ್ಲಿ ಪಾರಸಿಯ ‘ಶಾಹ’ ಮತ್ತು ಸಂಸ್ಕೃತದ ‘ಪುರ’ ಜಗಳವಿಲ್ಲದೆ ಕೂಡಿವೆ. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಮುಸ್ಲಿಮರೂ ಕೂಡಿ ಕನ್ನಡದಲ್ಲಿ ಹಾಡುವ ಪದಗಳಿಗೆ ‘ರಿವಾಯತ’ ಎಂಬ ಅರಬಿ ಹೆಸರು. ತಿಂಥಣಿಯ ಮೌನೇಶ್ವರನ ಜಾತ್ರೆಯ ಜಯಘೋಷದಲ್ಲಿ ಪೀರನೂ ಪೈಗಂಬರನೂ ಇದ್ದಾರೆ. ಉರ್ದುವಿನ ಗಜಲ್ ಅನ್ನು ಕನ್ನಡಕ್ಕೆ ಒಗ್ಗಿಸಿದ ಶಾಂತರಸರು ರಾಯಚೂರು ಸೀಮೆಯವರು. ಇಷ್ಟೆಲ್ಲ ಇರುವ ನೆಲದಲ್ಲಿ ಮಗುವಿನ ಬಾಯಿಯ ಪದವನ್ನು ‘ಅಶುದ್ಧ’ ಎಂದು ಮುಚ್ಚಿಸಿ, ಅದರ ಜಾಗಕ್ಕೆ ಗೈಡಿನ ಪದ ತುರುಕುವುದನ್ನು ಭಾಷಾಭಿಮಾನ ಎನ್ನಲಾಗದು. ಹೊಸ ಪದ ನೆಲೆಯೂರುವುದು ಗೊತ್ತಿರುವ ಪದದ ಪಕ್ಕದಲ್ಲಿ. ಓತಿಕ್ಯಾತ ಗೊತ್ತಿದ್ದವಳಿಗೇ ಓತಿ ಸಿಕ್ಕಿತು. ಹುಡೇವನ್ನು ನಾಚಿಕೆಯಿಂದ ಮುಚ್ಚಿಟ್ಟವಳಿಗೆ ಕೊತ್ತಲ ಎಂದೂ ಸಿಗುವುದಿಲ್ಲ.

ಕಾದಂಬರಿ ಹೊರಗಿನ ಪದವನ್ನು ಹೇಗೆ ಮನೆಯೊಳಗೆ ತರುತ್ತದೆ ಎಂಬುದಕ್ಕೆ ಸುರಪುರದ್ದೇ ಒಂದು ಉದಾಹರಣೆ ಇದೆ. ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ‘ಕನ್ಫೆಶನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಪ್ರಕಟಿಸಿದ. ನಮ್ಮ ‘ಠಕ್ಕ’ನ ಸಂಬಂಧಿಯಾದ ‘ಥಗ್’ ಎಂಬ ಪದ ಇಂಗ್ಲಿಷ್ ಓದುಗರಲ್ಲಿ ಮನೆಮಾತಾಗಲು ಆ ಪುಸ್ತಕ ಬಹಳ ಮಟ್ಟಿಗೆ ಕಾರಣವಾಯಿತು. ಇಂಗ್ಲಿಷರು ಆ ಪದದ ಶುದ್ಧಿ ಅಶುದ್ಧಿ ವಿಚಾರಿಸುತ್ತ ಕೂರಲಿಲ್ಲ.

“ಕನ್ನಡದಲ್ಲಿ ಆ ವಯಸ್ಸಿನವರಿಗೆ ಪುಸ್ತಕವೇ ಇಲ್ಲ” ಎಂಬುದು ಕೊನೆಯ ನೆಪ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಮೊದಲ ವರ್ಷವೇ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಬಾಪು ಗಾಂಧಿ ಆದ ಕತೆ’ಗೆ. 2011ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ನಡುವೆ 2019ರ ಪುರಸ್ಕಾರ ಪಡೆದ ಕಾದಂಬರಿ ‘ಕಾಡು ಕನಸಿನ ಬೀದಿಗೆ’. ಅದನ್ನು ಬರೆದ ಚಂದ್ರಕಾಂತ ಕರದಳ್ಳಿಯವರು ನಮ್ಮ ಶಹಾಪುರದವರು! ಅವರು ಈಗ ನಮ್ಮೊಂದಿಗಿಲ್ಲ, ಅವರ ಪುಸ್ತಕಗಳಿವೆ. ಇಡೀ ದೇಶದ ಅಕಾಡೆಮಿ ಗುರುತಿಸಿದ ಮಕ್ಕಳ ಕಾದಂಬರಿಕಾರ ನಮ್ಮ ತಾಲೂಕಿನಲ್ಲೇ ಇದ್ದರು ಎಂಬುದು ವನದುರ್ಗದ ಎಷ್ಟು ಮಕ್ಕಳಿಗೆ ಗೊತ್ತು? ಎಷ್ಟು ಮೇಷ್ಟರಿಗೆ ಗೊತ್ತು? ಈ ಆರರಲ್ಲಿ ಎಷ್ಟು ಪುಸ್ತಕ ನಿಮ್ಮೂರಿನ ಶಾಲೆಯ ಬೀರುವಿನಲ್ಲಿವೆ, ಹೋಗಿ ನೋಡಿ ಬನ್ನಿ.

ಬೀರು ಎಂದಾಗ ಗ್ರಂಥಾಲಯದ ಮಾತು ಬರಲೇಬೇಕು. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಸದಸ್ಯತ್ವ ಕೊಟ್ಟರೆ ಸಾಲದು, ಓದಲು ಪುಸ್ತಕವೂ ಬೇಕು. ನಾನು ಹೋಗಿ ನೋಡಿದ ಒಂದು ಗ್ರಂಥಾಲಯದಲ್ಲಿ (ಊರಿನ ಹೆಸರು ಬೇಡ) ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ರಾಶಿ ಇತ್ತು, ದಿನಪತ್ರಿಕೆ ಇತ್ತು. ಮಕ್ಕಳ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. “ಹುಡುಗರು ಹರೀತಾರ ರೀ” ಎಂಬ ಉತ್ತರ ಬಂತು. ಹರಿಯಲಿ ಬಿಡಿ! ಓದಿ ಹರಿದ ಪುಸ್ತಕಕ್ಕೆ ಬದಲು ಇನ್ನೊಂದು ತರಬಹುದು. ಗೆದ್ದಲು ತಿಂದ ಪುಸ್ತಕದಿಂದ ಯಾರಿಗೆ ಉಪಯೋಗ?

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರ ಆಸುಪಾಸು ಇದ್ದಾಗ ಯಾದಗಿರಿಯದು ಶೇ. 52ರ ಆಸುಪಾಸು. ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಂಗಸರದು ಶೇ. 41ರ ಆಸುಪಾಸು. ಅಂದು ನಿರಕ್ಷರಿಗಳೆಂದು ದಾಖಲಾದ ತಾಯಂದಿರ ಮಕ್ಕಳೇ ಇಂದು ತರಗತಿಯಲ್ಲಿ ಕುಳಿತಿದ್ದಾರೆ. ಅವರ ಮನೆಯಲ್ಲಿ ಪುಸ್ತಕದ ಪದ ಹೇಳಿಕೊಡುವವರಿಲ್ಲ. ಪಟ್ಟಣದ ಮಗುವಿಗೆ ಕಾದಂಬರಿ ಹೆಚ್ಚುವರಿ ಸುಖವಾಗಿರಬಹುದು. ವನದುರ್ಗದ ಮಗುವಿಗೆ ಅದು ಅಗತ್ಯ. ಸಂವಿಧಾನದ 371(ಜೆ) ವಿಧಿಯಿಂದ ಸೀಟು, ನೌಕರಿಗಳಲ್ಲಿ ನಮಗೆ ಮೀಸಲಾತಿ ಬಂತು. ಆ ಸೀಟಿನವರೆಗೆ ನಡೆದು ಹೋಗಲು ಬೇಕಾದ ಭಾಷೆಯನ್ನು ಯಾವ ವಿಧಿಯೂ ಕೊಡಲಾರದು.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಕಿಲ್ಲ. ಕನ್ನಡ ಮೇಷ್ಟರು ವಾರಕ್ಕೆ ಒಂದು ಅವಧಿ ಗೈಡು ಮುಚ್ಚಿಸಿ ಕಾದಂಬರಿಯ ಒಂದು ಅಧ್ಯಾಯ ಗಟ್ಟಿಯಾಗಿ ಓದಲಿ. ಕುತೂಹಲದ ಜಾಗದಲ್ಲಿ ನಿಲ್ಲಿಸಲಿ. ಮುಂದಿನದನ್ನು ಮಕ್ಕಳೇ ಓದುತ್ತಾರೆ. ಪದಕೋಶವನ್ನು ಓದಿದ ಮೇಲೆ ನೋಡಲಿ, ತಮ್ಮ ಊಹೆ ಸರಿಯಾಯಿತೇ ಎಂದು ಪರೀಕ್ಷಿಸಲು. ‘ಪದಗಳ ಅರ್ಥ’ ಬರೆಯಲೇಬೇಕೆಂದಿದ್ದರೆ ಪಕ್ಕದಲ್ಲಿ ಇನ್ನೊಂದು ಸಾಲು ಬಿಡಿಸಲಿ: ‘ನಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?’ ಪಂಚಾಯತಿಯವರು ಬೀರುವಿನ ಬೀಗ ತೆಗೆಯಲಿ. ಮದುವೆಗೆ ಬಿರಿಯಾನಿಯ ಡೇಗುಗಳನ್ನು ಎಣಿಸುವ ನಾವು ಆ ಖರ್ಚಿನಲ್ಲಿ ಒಂದು ಡೇಗು ಕಡಿಮೆ ಮಾಡಿದರೆ ಊರ ಶಾಲೆಗೆ ಒಂದು ಸಾಲು ಕಾದಂಬರಿಗಳು ಬರುತ್ತವೆ. ಹಾಗೆ ಬಂದ ಪುಸ್ತಕವನ್ನು ಎಲ್ಲ ಜಾತಿ ಧರ್ಮದ ಮಕ್ಕಳೂ ಓದುತ್ತಾರೆ. ಅದಕ್ಕಿಂತ ಒಳ್ಳೆಯ ದಾನ ನನಗೆ ತೋಚುವುದಿಲ್ಲ.

ಕಳೆದ ವಾರ ಆ ಹುಡುಗಿ ಮತ್ತೆ ಬಂದಿದ್ದಳು. ಈಗ ಅವಳ ಕೈಯಲ್ಲಿರುವುದು ತ.ರಾ.ಸು. ಅವರ ‘ದುರ್ಗಾಸ್ತಮಾನ’. ಚಿತ್ರದುರ್ಗದ ಕೋಟೆ ಬಿದ್ದ ಕತೆ, ದಪ್ಪ ಪುಸ್ತಕ. ಐದು ಬೆರಳಿನ ಅಳತೆಗೆ ಅದು ಅವಳಿಗೆ ಸ್ವಲ್ಪ ಹೆಚ್ಚೇ. ಅರ್ಧದಲ್ಲಿ ಬಿಟ್ಟರೂ ಬಿಡಬಹುದು. “ಸರ್, ನಮ್ಮ ಹುಡೇವಿನ ಮ್ಯಾಲ ನಿಂತ್ರ ವೈರಿ ಎಷ್ಟು ದೂರದಿಂದ ಕಾಣ್ತಿದ್ದ ರೀ?” ಎಂದು ಕೇಳಿದಳು. ಮೂವತ್ತು ವರ್ಷದಲ್ಲಿ ‘ಕೊತ್ತಲ – ಬುರುಜು’ ಬರೆದ ಯಾವ ಮಗುವೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ.